ಗಕಾರಕ್ಕೆ ಕೊಟ್ಟ ಎತ್ವ

ನಾನು "ಆಗೆ" ಅಂದಿದ್ದೆ. "ಆಗು" ಅಂದಿರಲಿಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಇಡೀ ಆಯುಷ್ಯ ಬೇಕಾಯಿತು. ಓದುವವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ — ಗಕಾರಕ್ಕೆ ಕೊಂಬು ಕೊಡುವ ಕಡೆ ಎತ್ವ ಕೊಟ್ಟೆ, ಅಷ್ಟೇ ತಾನೆ. ರಾಯಚೂರಿನ ಸಾಲೆಯಲ್ಲಿ ಕಾಗುಣಿತ ಕಲಿಸುತ್ತಲೇ ತಲೆ ಬೆಳ್ಳಗಾದ ಟೀಚರು ನಾನು. ಇಂಥ ತಪ್ಪಿಗೆ ಎಷ್ಟು ಹುಡುಗರ ಕಿವಿ ಹಿಂಡಿದ್ದೇನೋ. ಆದರೆ ನಾನು ಹುಟ್ಟಿ ಬೆಳೆದ ನಾರಾಯಣಪೇಟೆಯಲ್ಲಿ ಒಂದೇ ಓಣಿಯೊಳಗೆ ಮೂರು ಭಾಷೆ ನಡೆಯುತ್ತಿತ್ತು. ಅಲ್ಲಿ ತೆಲುಗಿನವರು "ಆಗು" ಎಂದರೆ ನಿಲ್ಲು ಎಂದರ್ಥ. ಉರ್ದು ಮಾತಾಡುವವರು "ಆಗೆ" ಎಂದರೆ ಮುಂದೆ, ಇನ್ನೂ ಮುಂದೆ ಎಂದರ್ಥ. ನನಗೆ ಎರಡೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಂದೆ.

ಪೊಲೀಸ್ ಆ್ಯಕ್ಷನ್ ಆದ ವರ್ಷದ ಚಳಿಗಾಲ ಅದು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ನಿಜಾಮನ ಕಡೆಯ ರಜಾಕಾರರ ಅಂಜಿಕೆಗೆ ನಾವು ಹೆಣ್ಣುಮಕ್ಕಳು ಹೊಸ್ತಿಲು ದಾಟಿರಲಿಲ್ಲ. ಹಿಂದೂಸ್ತಾನದ ಫೌಜು ಬಂದು ನಿಜಾಮನ ರಾಜ್ಯ ಮುಗಿದ ಮೇಲೆ ಆ ಅಂಜಿಕೆ ಮನೆ ಬದಲಾಯಿಸಿತು. ನಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯ ಖಾಲಾ, ನನಗೆ ಉರ್ದು ಮಾತು ಕಲಿಸಿದಾಕೆ, ಪ್ರತಿ ಈದಿಗೆ ಹಾಲು-ಶಾವಿಗೆಯ ಸುರಕುಂಬಾ ಕುಡಿಸಿದಾಕೆ, ಒಂದು ಮುಂಜಾನೆ ಬಾಗಿಲಿಗೆ ಬೀಗ ಹಾಕಿಕೊಂಡು ಹೈದರಾಬಾದಿನ ಕಡೆ ಹೋದವಳು ತಿರುಗಿ ಬರಲಿಲ್ಲ. ನಾನು ಆ ಬೀಗ ನೋಡಿದೆ, ಒಂದು ದಿನ ಅತ್ತೆ, ಆಮೇಲೆ ಮರೆತೆ. ಆ ವಯಸ್ಸೇ ಹಾಗೆ — ಎಂದು ಬರೆಯಹೊರಟೆ. ಬೇಡ. ವಯಸ್ಸಿನ ಮೇಲೆ ಹಾಕುವುದು ಬೇಡ.

ಮಕ್ತಲ್‌ಗೆ ಜನ ಕೂತು ತಿರುಗುವ ಇಂಜಿನ್ ರಾಟೆ ಬಂದಿದೆ ಎಂಬ ಸುದ್ದಿ ತಂದವಳು ಈರಮ್ಮ. ನೇಕಾರರ ಮನೆಯ ಹುಡುಗಿ, ನನ್ನ ಜೀವದ ಗೆಳತಿ. ಮಗ್ಗದ ಮುಂದೆ ಕೂತಳೆಂದರೆ ಲಾಳಿ ಅವಳ ಕೈಯಿಂದ ಕೈಗೆ ಓಡುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ನಾರಾಯಣಪೇಟೆಯ ಸೀರೆಯ ಅಂಚು ಅವಳಷ್ಟು ನೇರ ಹಿಡಿಯುವ ಗಂಡಸರೂ ಓಣಿಯಲ್ಲಿ ಇರಲಿಲ್ಲ. ನಮ್ಮಪ್ಪ ಅದೇ ಮಗ್ಗಗಳ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ. ಅವಳ ಮನೆಮಾತು ತೆಲುಗು, ನಮ್ಮದು ಕನ್ನಡ. ನನ್ನ ಕೂಡ ಕನ್ನಡವೇ ಆಡುವಳು — ಸಿಟ್ಟು ಬಂದಾಗ, ಅಂಜಿದಾಗ ಮಾತ್ರ ತೆಲುಗು. ಅಂಜಿದ್ದನ್ನು ನಾನು ನೋಡಿದ್ದು ಕಡಿಮೆ.

ಕೈಯಿಂದ ತಿರುಗಿಸುವ ನಾಲ್ಕು ತೊಟ್ಟಿಲಿನ ರಾಟೆಯಲ್ಲಿ ನಾವೆಲ್ಲ ಕೂತವರೇ. ಇದು ಹಾಗಲ್ಲ, ಎಣ್ಣೆ ಇಂಜಿನ್ನಿನಿಂದ ತಿರುಗುತ್ತದಂತೆ, ಮೇಲೆ ಹೋದರೆ ಕೃಷ್ಣಾ ಹೊಳೆ ಕಾಣುತ್ತದಂತೆ. ಈರಮ್ಮನ ಅಣ್ಣ ನರಸಪ್ಪ ಗಾಡಿ ಕಟ್ಟಿದ. ಈರಮ್ಮ, ನಾನು, ನಮ್ಮ ಇನ್ನೊಬ್ಬ ಗೆಳತಿ ಲಚಮಿ — ದಾರಿಯುದ್ದಕ್ಕೂ ಹಸಿ ಜೋಳದ ಸೀತನಿ ತಿನ್ನುತ್ತ, ಹಾಡಿಕೊಳ್ಳುತ್ತ ಹೋದೆವು. ಮಕ್ತಲ್ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಧನ್ವಾಡದವರು, ಕೋಸಗಿಯವರು, ಗದ್ವಾಲದ ಕಡೆಯಿಂದ ಹೊಳೆ ದಾಟಿ ಬಂದವರು. ಎಷ್ಟೋ ದಿನ ಬಾಗಿಲು ಹಾಕಿಕೊಂಡು ಕೂತಿದ್ದ ಜನವೆಲ್ಲ ಅಂದೇ ಹೊರಬಿದ್ದ ಹಾಗಿತ್ತು. ನಡುವೆ ಆ ರಾಟೆ. ನಮ್ಮೂರಿನ ಯಾವ ಮಾಳಿಗೆಗಿಂತಲೂ ಎತ್ತರ. ತೊಟ್ಟಿಲುಗಳು ಮೇಲಿಂದ ಇಳಿಯುವಾಗ ಕೂತವರ ಜೊತೆ ಕೆಳಗೆ ನಿಂತವರೂ ಕೂಗುತ್ತಿದ್ದರು.

ನಾನು ಹತ್ತಲಿಲ್ಲ. ನೋಡಿದ ಕೂಡಲೇ ಅಂಜಿ ಹಿಂದೆ ಸರಿದೆ. ಈರಮ್ಮ ಕೈ ಹಿಡಿದು ಎಳೆದಳು, ಬೈದಳು, ಆಮೇಲೆ ನಕ್ಕು ಬಿಟ್ಟು ಲಚಮಿಯನ್ನು ಕರೆದುಕೊಂಡು ಹೋಗಿ ಕೂತಳು.

ರಾಟೆ ನಡೆಸುವವನು ಔರಂಗಾಬಾದಿನ ಕಡೆಯ ಸಾಬರವನು, ಸಣಕಲು ಮನುಷ್ಯ. ಇಂಜಿನ್ನಿನ ಮಗ್ಗುಲಲ್ಲಿ ನಿಂತು ಕೈಯಲ್ಲಿ ಒಂದು ದಪ್ಪ ಹಗ್ಗ ಹಿಡಿದಿದ್ದ. ಅದನ್ನು ಬಿಗಿದರೆ ರಾಟೆ ನಿಧಾನಿಸುವುದು, ಸಡಿಲ ಬಿಟ್ಟರೆ ಓಡುವುದು. ಹಿಂದಿನ ಗುಡಾರದಲ್ಲಿ ಅವನ ಹೆಂಡತಿ, ಅವಳ ಸೊಂಟದ ಮೇಲೆ ಒಂದು ಹೆಣ್ಣುಕೂಸು. ಗಂಡನ ಹೆಸರು ಹೇಳಬಾರದಲ್ಲ — ಅದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ — ಅದಕ್ಕೆ ಅವಳು ಅವನನ್ನು "ಮುನ್ನೀ ಕೆ ಬಾವಾ" ಎಂದು ಕೂಗುತ್ತಿದ್ದಳು. ನಾವು ಮೂವರೂ ಬಿದ್ದು ಬಿದ್ದು ನಕ್ಕಿದ್ದೆವು, ಗಂಡನಿಗೆ ಯಾರಾದರೂ ಬಾವ ಅಂತಾರೇನು ಎಂದು. ಅವರ ಮಾತಿನಲ್ಲಿ ಬಾವಾ ಎಂದರೆ ಅಪ್ಪ. ಮುನ್ನಿಯ ಅಪ್ಪ.

ನನ್ನ ಉರ್ದು ಕೇಳಿ ಅವನ ಮುಖ ಅರಳಿತು. "ಬಹನ್, ಮೇರೆಕು ತೆಲುಗು ನಈಂ ಆತಿ," ಅಂದ. "ಊಪರ್ ವಾಲೆ ಕ್ಯಾ ಬೋಲೆ ಸೋ ತುಮ್ ಬೋಲೊ." ತಂಗೀ, ನನಗೆ ತೆಲುಗು ಬರುವುದಿಲ್ಲ, ಮೇಲಿನವರು ಏನಂತಾರೋ ನೀನು ಹೇಳು — ಎಂದು. ನಿಲ್ಲಲು ತನ್ನ ಮಗ್ಗುಲಲ್ಲೇ ಜಾಗ ಮಾಡಿಕೊಟ್ಟ. ಅವನಿಗೆ ತೆಲುಗು ಬರುವುದಿಲ್ಲ ಎಂಬುದು, ಅವನ ಹೆಂಡತಿಯನ್ನು ಬಿಟ್ಟರೆ, ಆ ಬಯಲಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಇದನ್ನು ನೆನಪಿಡಿ.

ಮೊದಲು ಎಲ್ಲ ಸರಿಯಾಗಿಯೇ ಹೇಳಿದೆ. ಯಾರೋ ಮುದುಕಿ ಹೆದರಿ ಕೂಗಿದಾಗ "ಧೀರೆ" ಅಂದೆ, ಅವನು ಹಗ್ಗ ಬಿಗಿದ. ಹುಡುಗರು ಜೋರು ಬೇಕು ಅಂದಾಗ "ಆಗೆ" ಅಂದೆ, ಬಿಟ್ಟ. ಎಷ್ಟು ಜಂಬ ಬಂತು ಗೊತ್ತೇ — ಅಂಥ ದೊಡ್ಡ ರಾಟೆ ನನ್ನ ನಾಲಿಗೆಯ ಮೇಲೆ ತಿರುಗುತ್ತಿದೆ ಎಂದು. ಅಷ್ಟರಲ್ಲಿ ಈರಮ್ಮನ ತೊಟ್ಟಿಲು ಕೆಳಗೆ ಬಂತು. ಅವಳು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು.

"ಏ ಅಂಜಬುರುಕಿ ಕಮ್ಲೀ, ಕೆಳಗ ನಿಂತು ಸಾಬನ ಚಾಕರಿ ಮಾಡಾಕ ಬಂದಿಯೇನು?"

ಜನ ನಕ್ಕರು. ಗೆಳತಿಯ ಚೇಷ್ಟೆ, ದಿನವೂ ಇದ್ದದ್ದೇ. ಆದರೆ ಅಂದು ನನ್ನ ಕಿವಿ ಬಿಸಿಯಾಯಿತು. ಇನ್ನೊಂದು ಸುತ್ತು ಬರುವಷ್ಟರಲ್ಲಿ ಅವಳ ದನಿ ಬದಲಾಗಿತ್ತು. ತೊಟ್ಟಿಲಿನ ಕೀಲು ಕಿರಗುಟ್ಟಿ ಒಂದು ಕಡೆ ವಾಲುತ್ತಿತ್ತು — ಅದನ್ನೂ ಕಂಡೆ, ಕಾಣಲಿಲ್ಲ ಅನ್ನುವುದಿಲ್ಲ. "ಆಗು, ಆಗು," ಎಂದು ಅವಳು ಬಾಯಿ ಬಿಡುತ್ತಿದ್ದಳು. ತೆಲುಗು. ಅಂಜಿದ್ದಾಳೆ ಎಂದು ನನಗೆ ತಿಳಿಯಿತು. ತಿಳಿದು — ಇದನ್ನು ಹೇಗೆ ಬರೆಯಲಿ — ತಿಳಿದು ಖುಷಿಯಾಯಿತು.

ಇಂಜಿನ್ನಿನ ಸದ್ದಿನಲ್ಲಿ ಅವನು ನನ್ನ ಕಡೆ ಬಾಗಿ, ಏನಂತಾಳೆ ಎಂದು ಕೇಳಿದ: "ಕ್ಯಾ ಬೋಲ್‌ರೈ, ಬಹನ್?"

"ಆಗೆ ಬೋಲ್‌ರೈ," ಅಂದೆ.

ಇನ್ನೊಂದು ಸುತ್ತು ಅವಳು ಅಂಜಲಿ, ಆಮೇಲೆ ನಿಲ್ಲಿಸಲು ಹೇಳಿದರಾಯಿತು ಎಂದಿತ್ತು ಮನಸ್ಸಿನಲ್ಲಿ. ಅವನು ನಕ್ಕು ಹಗ್ಗ ಬಿಟ್ಟ. ರಾಟೆ ಓಡಿತು. ವಾಲಿದ ತೊಟ್ಟಿಲಿನಿಂದ ಈರಮ್ಮ ಹೊರಗೆ ಜಾರಿದಳು. ಹಿಡಿದುಕೊಳ್ಳಲು ಚಾಚಿದ ಬಲಗೈ ಕಂಬಕ್ಕೂ ತಿರುಗುವ ತೊಲೆಗೂ ನಡುವೆ ಸಿಕ್ಕಿತು. ಹಗ್ಗದ ಮೇಲೆ ಮೈಯೆಲ್ಲ ಹೇರಿ ರಾಟೆ ನಿಲ್ಲಿಸಿದವನು ಅವನೇ. ಮೊದಲು ಓಡಿಹೋಗಿ ಅವಳನ್ನು ಎತ್ತಿದವನು ಅವನೇ. ತನ್ನ ತಲೆಯ ರುಮಾಲು ಹರಿದು ಆ ಕೈಗೆ ಕಟ್ಟಿದವನೂ ಅವನೇ. ಲಚಮಿ ತೊಟ್ಟಿಲಿನ ಸರಳು ತಬ್ಬಿಕೊಂಡು ಬದುಕಿದ್ದಳು. ನಾನು ನಿಂತಲ್ಲೇ ನಿಂತಿದ್ದೆ.

ಈರಮ್ಮ ಪ್ರಜ್ಞೆ ತಪ್ಪುವ ಮೊದಲು ಅಣ್ಣನಿಗೆ ಹೇಳಿದ್ದು ಇಷ್ಟು: ನಾ ಆಗು ಆಗು ಅಂತ ಒದರಿದೆ, ಅವ ನನ್ನ ಮಾರಿ ನೋಡಿ ನಕ್ಕು ಬಿಟ್ಟ. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಕಂಡದ್ದು ಅದೇ.

ನರಸಪ್ಪ ಅವನ ಅಂಗಿ ಹಿಡಿದ. ಅವನು ನನ್ನ ಕಡೆ ಕೈ ತೋರಿಸಿದ. ದೂರು ಹೇಳುವಂತೆ ಅಲ್ಲ — ಇಲ್ಲಿದ್ದಾಳಲ್ಲ, ಇವಳನ್ನು ಕೇಳಿ ಎಂಬ ನಿರಾಳದಿಂದ. "ಬಹನ್ ನೇ ಬೋಲೀ, ಆಗೆ ಬೋಲ್‌ಕೆ." ಆಗೆ ಅಂತ ಈ ತಂಗಿಯೇ ಹೇಳಿದಳು, ಎಂದು.

"ಏನಂದಿ ನೀ? ಖರೇ ಹೇಳು ಕಮ್ಲೀ," ಎಂದು ನರಸಪ್ಪ ಕೇಳಿದ.

ಇಡೀ ಬಯಲು ನನ್ನ ಬಾಯಿ ನೋಡುತ್ತಿತ್ತು.

"ಆಗು ಅಂದ್ನಿ, ಅಣ್ಣಾ."

ಅವನು ಒಮ್ಮೆ ನನ್ನನ್ನು ನೋಡಿದ. ಅವನಿಗೆ ಸಿಟ್ಟು ಬರಲಿಲ್ಲ. ತಾನೇ ತಪ್ಪು ಕೇಳಿಸಿಕೊಂಡೆನೇನೋ ಎಂಬ ಗಾಬರಿ ಆ ಮುಖದಲ್ಲಿ ಕಂಡಿತು. ನನ್ನ ಸುಳ್ಳನ್ನು ಮೊದಲು ನಂಬಿದವನು ಅವನೇ ಇರಬೇಕು. ಯಾರೋ ಹಿರಿಯರು ನಡುವೆ ಬಂದರು — ಪರಸ್ಥಳದವನು, ತೆಲುಗು ತಿಳಿಯದೆ ಮುಂದೆ ಅಂತ ತಿಳಕೊಂಡಿರಬೇಕು, ಬಿಡ್ರಿ ಅಂದರು. ನರಸಪ್ಪ ಮತ್ತೆ ನನ್ನ ಕಡೆ ತಿರುಗಿದ. "ಇವಗ ತೆಲುಗು ತಿಳೀತಿತ್ತೋ ಇಲ್ಲೋ? ಮುಂಜಾನಿಂದ ನೀನ ಅಲ್ಲ ಇವನ ಮಗ್ಗಲಕ ನಿಂತಾಕಿ?"

ಆಗ ಹೇಳಬಹುದಿತ್ತು. ನನ್ನ ತಪ್ಪು ಒಪ್ಪಿಕೊಳ್ಳದೆಯೂ ಅವನನ್ನು ಉಳಿಸಬಹುದಿತ್ತು — ತಿಳಿತಿದ್ದಿಲ್ಲ ಎಂಬ ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಅವನ ಹೆಂಡತಿ ಕೂಸನ್ನು ಎತ್ತಿಕೊಂಡೇ ಜನರ ನಡುವೆ ನುಗ್ಗಿ ಬಂದು ನನ್ನ ಮುಂಗೈ ಹಿಡಿದಳು. "ಬಹನ್, ತುಮ್ ಬೋಲೊ. ತುಮ್ ಬೋಲೊ ನಾ." ನೀನು ಹೇಳು. ಮುಂಜಾನೆ ಅವನು ಹೇಳಿದ ಮಾತೇ.

ನಾನು ನೆಲ ನೋಡಿದೆ. ತಿಳಿತಿದ್ದಿಲ್ಲ ಎಂದರೆ ಮುಂದಿನ ಪ್ರಶ್ನೆ ನನ್ನ ಮೇಲೆ ಬರುತ್ತದೆ — ಹಾಗಾದರೆ ನೀ ಅವಗ ತೆಲುಗಿನ್ಯಾಗ ಯಾಕ ಹೇಳಿದಿ, ಎಂದು. ಅಷ್ಟೆಲ್ಲ ಲೆಕ್ಕ ಹಾಕಿದೆ ನೋಡಿ, ನೆಲ ನೋಡುತ್ತ. ನಾನು ಇಲ್ಲ ಅನ್ನದಿದ್ದದ್ದೇ ತಿಳಿತಿತ್ತು ಅಂದಂತಾಯಿತು. ನನ್ನ ಹಿಂದೆ ಯಾರೋ ಆ ಪದ ಅಂದರು: ರಜಾಕಾರ. ಆ ದಿನಗಳಲ್ಲಿ ಅದಾದ ಮೇಲೆ ಬೇರೆ ಮಾತು ಬೇಕಾಗುತ್ತಿರಲಿಲ್ಲ.

ಅವನನ್ನು ಹೊಡೆದದ್ದನ್ನು ನಾನು ಬರೆಯಲಾರೆ. ಬರೆದರೆ ಹೊಡೆದವರ ಕಥೆಯಾಗುತ್ತದೆ, ಇದು ನನ್ನದು. ಸಂಜೆಗೆ ರಾಟೆ ಬಿಚ್ಚಿ ಗಾಡಿಗೆ ಹೇರಿದರು. ಅವನನ್ನು ತೊಟ್ಟಿಲುಗಳ ಮೇಲೆಯೇ ಮಲಗಿಸಿದ್ದರು, ಮೈಮೇಲೆ ಗುಡಾರದ ಬಟ್ಟೆ ಹೊದಿಸಿತ್ತು. ಹೊಳೆ ದಾಟುವ ಮುಂಚೆಯೇ ಹೋಗಿಬಿಟ್ಟ ಎಂದು ಕೆಲವರು ಅಂದರು. ಗದ್ವಾಲದಲ್ಲಿ ಕುಂಟುತ್ತ ನಡೆಯುವುದನ್ನು ಕಂಡೆವು ಎಂದು ಕೆಲವರು. ಗದ್ವಾಲದ ಬೀದಿಯಲ್ಲಿ ಕುಂಟುವ ಸಾಬರನ್ನು ಕಂಡಾಗಲೆಲ್ಲ ನಾನು ಹಿಂದೆ ಹೋಗಿ ಮುಖ ನೋಡಿದ್ದೇನೆ. ಯಾವುದೂ ಅವನದಲ್ಲ.

ಈರಮ್ಮನ ಬಲಗೈ ಮತ್ತೆ ಲಾಳಿ ಹಿಡಿಯಲಿಲ್ಲ. ಗೊತ್ತಾಗಿದ್ದ ಮದುವೆ ಮುರಿಯಿತು. ಅಣ್ಣನ ಮನೆಯಲ್ಲಿ ಎಡಗೈಯಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಉಳಿದಳು. ನಾನು ಮದುವೆಯಾಗಿ ರಾಯಚೂರಿಗೆ ಬಂದೆ, ಕಲಿತೆ, ಟೀಚರಾದೆ, ಬೇಕಾದ್ದೆಲ್ಲ ಆಯಿತು. ಕಾಗುಣಿತ ಹೇಳಿಸುವಾಗ ಗು, ಗೂ ದಾಟಿ ಗೆ ಬಂದಾಗ ಕೆಮ್ಮಿ ಆ ಅಕ್ಷರ ದಾಟಿಸುತ್ತಿದ್ದೆ. ಟೀಚರಿಗೆ ಕೆಮ್ಮು ಎಂದು ಮಕ್ಕಳು ಅಂದುಕೊಂಡವು. ತವರಿಗೆ ಹೋದಾಗಲೆಲ್ಲ ಈರಮ್ಮ ಆ ಸೊಟ್ಟ ಕೈಯಿಂದ ನನ್ನ ಕೈ ಸವರಿ ಅನ್ನುತ್ತಿದ್ದಳು: "ಅಷ್ಟು ಮಂದ್ಯಾಗ ನೀ ಒಬ್ಬಾಕಿರೆ ನನ್ನ ಸಲುವಾಗಿ ಆಗು ಅಂದಿ." ಅವಳ ಬೈಗುಳ ತಾಳಬಹುದಿತ್ತು. ಈ ಉಪಕಾರ ಸ್ಮರಣೆ — ಇದನ್ನು ಹೊತ್ತುಕೊಂಡು ಹೋಗಲು ನನಗೆ ಜಾಗ ಸಾಲುತ್ತಿರಲಿಲ್ಲ. ಆದರೂ ಹೊತ್ತೆ. ಅವಳ ಪ್ರೀತಿ ಬಿಡಲು ಮನಸ್ಸಾಗಲಿಲ್ಲ.

ಹೋದ ತಿಂಗಳು ಅವಳ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ನರಸಪ್ಪ ತೀರಿಕೊಂಡು ಬಹಳ ದಿನವಾಯಿತು. ಅವನ ಮರಿಮಗಳು ಸಾಲೆಯ ಗೆಳತಿಯನ್ನು ಮನೆಗೆ ಕರೆತಂದಿತ್ತು. ಈರಮ್ಮ ಹೆಸರು ಕೇಳಿದಳು. ಆ ಹುಡುಗಿ ಹೇಳಿದ ಕೂಡಲೇ — ಸಾಬರ ಹೆಸರು — ಸೆರಗು ಸರಿಸಿ ಆ ಕೈ ಮುಂದೆ ಚಾಚಿದಳು. "ನಿಮ್ಮಂವ ಮಾಡಿದ್ದು ನೋಡವಾ. ಇಲ್ಲಿಗೆ ಬರಬ್ಯಾಡ ನೀ." ಹುಡುಗಿ ಹೊಸ್ತಿಲಲ್ಲೇ ನಿಂತು ನನ್ನನ್ನು ನೋಡಿತು. ಹಿರಿಯಳು, ಕನ್ನಡಕ ಹಾಕಿದ್ದಾಳೆ, ಏನಾದರೂ ಹೇಳಿಯಾಳು ಎಂದಿರಬೇಕು. ತುಮ್ ಬೋಲೊ. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟಿತ್ತು. ಅಲ್ಲಿಯೂ ತಡ ಮಾಡಿದೆ.

"ಈರೀ, ಅವ ಬೇಕಂತ ಬಿಡಲಿಲ್ಲ," ಅಂದೆ. "ನಾ ಆಗೆ ಅಂದಿದ್ನಿ."

"ಆಗು ಅಂದಿದ್ದಿ ನೀ."

"ಇಲ್ಲ. ಆಗೆ ಅಂದ್ನಿ. ನಿನ್ನ ದನಿ ಕೇಳಿತ್ತು ನನಗ. ಕೇಳಿ, ಬೇಕಂತ ಅಂದ್ನಿ. ಅವಗ ತೆಲುಗು ಬರತಿದ್ದಿಲ್ಲ."

ಅವಳು ಕಂಡಿಕೆಯ ರಾಟೆಯನ್ನು ಪಕ್ಕಕ್ಕೆ ಸರಿಸಿದಳು. ಬೈಯಲಿಲ್ಲ. ಅಳಲೂ ಇಲ್ಲ. ಕೇಳಿದಳು:

"ಅವನ ಹೆಸರೇನಿತ್ತು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಅಂದಳು. "ದಿನಾ ಶಾಪ ಹಾಕೀನಿ. ಶಾಪ ಹಾಕಾಕ ಹೆಸರು ಬೇಕಾಗಿದ್ದಿಲ್ಲ. ಈಗ ಬೇಕಾಗೇತಿ." ಆಮೇಲೆ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನೀ ಹೋಗು ಕಮ್ಲಿ. ಇನ್ನ ಬರಬ್ಯಾಡ."

ಬಂದೆ. ಅವಳು ಹೇಳಿದ್ದು ನ್ಯಾಯವೇ.

ಈಗ ಉಳಿದದ್ದು ಒಂದೇ. ಆ ಸೊಂಟದ ಕೂಸು ಬದುಕಿದ್ದರೆ ಅವಳೂ ಮುದುಕಿಯಾಗಿರುತ್ತಾಳೆ. ಔರಂಗಾಬಾದಿನ ಕಡೆ ಕನ್ನಡ ಯಾರು ಓದುತ್ತಾರೆ — ಗೊತ್ತು. ಆದರೂ ನನಗೆ ನೆಟ್ಟಗೆ ಬರೆಯಲು ಬರುವುದು ಇದೊಂದೇ. ಯಾರಿಗಾದರೂ ಎಲ್ಲಾದರೂ ಅವಳು ಸಿಕ್ಕರೆ, ಅಪ್ಪ ರಾಟೆ ನಡೆಸುತ್ತಿದ್ದ, ಮಕ್ತಲ್‌ನಲ್ಲಿ ಹೊಡೆಸಿಕೊಂಡ ಎಂದು ಹೇಳುವ ಮುನ್ನಿ ಎಂಬವಳು ಸಿಕ್ಕರೆ, ಅವಳಿಗೆ ಅರ್ಥವಾಗುವ ಮಾತಿನಲ್ಲಿ ಇದನ್ನು ಹೇಳಿ. ಸರಿಯಾಗಿ ಹೇಳಿ, ನನ್ನ ಹಾಗೆ ಅಕ್ಷರ ಬದಲಾಯಿಸಬೇಡಿ. ಅವನ ಹೆಸರು ಏನೆಂದು ಕೇಳಿ ನಾರಾಯಣಪೇಟೆಯ ಈರಮ್ಮನಿಗೆ ತಿಳಿಸಿ.

ಮುನ್ನೀ, ನಿನ್ನ ಬಾವಾ ಸರಿಯಾಗಿಯೇ ಕೇಳಿಸಿಕೊಂಡಿದ್ದ. ನಾನು "ಆಗೆ" ಅಂದಿದ್ದೆ.