ಗೊರಕೆ ಎಷ್ಟನೇ ಹಂತ ಮೇಡಂ?

"ನಿಮಗ ಸಿಟ್ಟು ಬಂದೈತೇನ್ರಿ?"

"ಭಾಳ ಬಂದೈತ್ರಿ," ಅಂದಳು ಹುಸೇನಬಿ.

"ಹೊಳಿ ಮ್ಯಾಲೋ, ಸರಕಾರದ ಮ್ಯಾಲೋ?"

"ಈಕಿ ಮ್ಯಾಲರಿ! ಗೊರಕಿ ಹೊಡದು ನಿದ್ದಿ ಕೆಡಸ್ತಾಳ."

ಈಕಿ ಅಂದರೆ ಪಕ್ಕದಲ್ಲೇ ಕೂತಿದ್ದ ಶಾಂತವ್ವ. ಕಳೆದ ತಿಂಗಳು ಮಲಪ್ರಭೆ ಮೆಣಸಗಿ ಊರೊಳಗೆ ನುಗ್ಗಿದ್ದು ನಿಮಗೆ ಗೊತ್ತೇ ಇದೆ. ಗೋಡೆಗೆ ಗೋಡೆ ಹತ್ತಿದ ಇವರಿಬ್ಬರ ಮನೆಗಳೂ ಬಿದ್ದವು. ಇಬ್ಬರಿಗೂ ವರ್ಷಗಳಿಂದ ಜಗಳ ಬಿಟ್ಟರೆ ಬೇರೆ ಮಾತಿಲ್ಲ. (ಕಾರಣ, ಒಂದು ಕೋಳಿ. ತಾನು ಯಾರದೆಂದು ಕೋಳಿಗೂ ಗೊತ್ತಿರಲಿಲ್ಲ.) ಈಗ ಗಂಜಿ ಕೇಂದ್ರದಲ್ಲಿ ಒಂದೇ ಜಮಖಾನೆ!

ಪ್ರಶ್ನೆ ನನ್ನದಲ್ಲ, ಕೌನ್ಸೆಲಿಂಗ್‌ಗೆ ಬಂದ ಮೇಡಂದು. ಅವರು ಮೈಸೂರು ಕಡೆಯವರು. ನಾನು ನರೇಗಲ್ಲಿನ ಮಾಸ್ತರ, ಕನ್ನಡದಿಂದ ಕನ್ನಡಕ್ಕೆ ಅನುವಾದಕ.

ದುಃಖಕ್ಕೆ ಐದು ಹಂತವಂತೆ. ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ಸುಳ್ಳೆನ್ನಲಾರೆ. ರೋಣದ ಬಸ್ ತಪ್ಪಿದಾಗಲೆಲ್ಲ ನಾನು ಐದನ್ನೂ ಸ್ಟ್ಯಾಂಡಿನಲ್ಲೇ ಮುಗಿಸಿದ್ದೇನೆ. ಆದರೆ ಗೊರಕೆ?

"ಹೊಳೆಯ ಮೇಲಿನ ಸಿಟ್ಟು ಗೆಳತಿಯ ಮೇಲೆ ತಿರುಗಿದೆ," ಎಂದರು ಮೇಡಂ.

"ಯಾರ್ರೀ ಗೆಳತಿ?" ಇಬ್ಬರೂ ಒಟ್ಟಿಗೇ ರೇಗಿದರು.

ನೀರು ಇಳಿದ ಮೇಲೆ ಶಾಂತವ್ವ ಮನೆ ನೋಡಲು ಹೋದಳು. ಮನೆ ಎಲ್ಲಿತ್ತು? ಮಣ್ಣಿನ ಗುಡ್ಡೆ. ಮರಳಿ ಬಂದವಳು ತಾಟು ಮುಟ್ಟಲಿಲ್ಲ. ಮೇಡಂ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿಸಿದರು. ಊಹೂಂ.

ಹುಸೇನಬಿ ನನ್ನನ್ನು ಕರೆದಳು. "ಮಾಸ್ತರ, ಆಕೀಗೆ ಹೇಳ್ರಿ. ಆಕಿ ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲಂತ."

ಆಕಿ ಕೂತಿದ್ದು ಕೈಯಳತೆಯಲ್ಲಿ. ಆದರೂ ಹೇಳಿದೆ.

"ಉಪಾಸ ಬಿದ್ದು ಸಾಯಿ ಅನ್ರಿ ಆಕೀಗೆ," ಅಂದ ಶಾಂತವ್ವ ತಾಟು ಎಳೆದುಕೊಂಡಳು. ಅಳುತ್ತ ಉಂಡಳು. ಆಕೆ ಎರಡು ತುತ್ತು ನುಂಗಿದ್ದನ್ನು ನೋಡಿಯೇ ಹುಸೇನಬಿ ರೊಟ್ಟಿ ಮುರಿದದ್ದು. ಅನುವಾದಕ ಯಾಕೋ ಎದ್ದು ನೀರು ಕುಡಿಯಲು ಹೋದ. (ಖಾರ ಜಾಸ್ತಿ ಇತ್ತು ಅನ್ನಿ.)

ಮೊನ್ನೆ ತಗಡಿನ ಶೆಡ್ ಹಂಚಿದರು. ಇವರಿಗೆ ಸಿಕ್ಕಿದ್ದು ಸಾಲಿನ ಎರಡು ತುದಿ. ಖುಷಿಪಡಬೇಕಲ್ಲವೇ? ಇಬ್ಬರೂ ಸೇರಿ ಅಧಿಕಾರಿಯ ಕಿವಿ ಕಿತ್ತುಹೋಗುವಂತೆ ಕೂಗಾಡಿದರು. "ಬಾಜೂಕ ಈಕಿ ಇಲ್ಲಂದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದಳು ಶಾಂತವ್ವ. ಪಾಪ, ಅಧಿಕಾರಿ ಪಕ್ಕಪಕ್ಕದ ಶೆಡ್ ಕೊಟ್ಟು ಜೀಪು ಹತ್ತಿದ.

ಸಂಜೆ ಮೇಡಂ ಹೊರಟರು. ಶೆಡ್ಡುಗಳ ಕಡೆಯಿಂದ ಜೋರು ದನಿ. ಬಟ್ಟೆ ಒಣಗಿಸುವ ಹಗ್ಗ ಯಾರ ಕಡೆ ಕಟ್ಟಬೇಕೆಂಬ ತಕರಾರು ಶುರುವಾಗಿತ್ತು.

ಮೇಡಂ ನಕ್ಕರು. "ಸರ್, ಇದನ್ನು ಕೊನೆಯ ಹಂತ, ಒಪ್ಪಿಕೊಳ್ಳುವುದು ಅನ್ನಬಹುದಾ?"

ಒಪ್ಪಿಕೊಳ್ಳುವುದೇ? ಆ ಇಬ್ಬರೂ ಹುಟ್ಟಿದಾಗಿನಿಂದ ಯಾವುದನ್ನ ಒಪ್ಪಿಕೊಂಡಾರ, ಮೇಡಂ?