ಫ್ರೀಜರಿಗೂ ಒಂದು ಆಯುಧಪೂಜೆ

ಈ ಸಲದ ಆಯುಧಪೂಜೆಯ ದಿನ ನಾನು ಸಾಕ್ಷಿ ಹೇಳಬೇಕಾಗಿ ಬಂತು. ಕೋರ್ಟಿನಲ್ಲಲ್ಲ, ಹುಣಸಮಾರನಹಳ್ಳಿಯ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ. ಪ್ರಶ್ನೆ ಇಷ್ಟೇ: ಡೀಪ್ ಫ್ರೀಜರ್ ಎಷ್ಟು ಹೊತ್ತು ಆಫ್ ಆಗಿತ್ತು?

ನಗಬೇಡಿ. ಉತ್ತರ ಹೇಳುವುದು ಅಷ್ಟು ಸುಲಭವಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ಗೀತಾ ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲೇ ಬೆಳೆದವಳು. ಸೊಸೆಯಾಗಿ ಹೋದದ್ದು ಹುಣಸಮಾರನಹಳ್ಳಿಯ ಹಳೇ ಒಕ್ಕಲು ಮನೆತನಕ್ಕೆ. ಹೊಲ ಇದ್ದ ಕಡೆ ಈಗ ಬಾಡಿಗೆ ಮನೆಗಳಿವೆ. ಅವುಗಳ ಉಸ್ತುವಾರಿ ಗಂಡ ಮಂಜುನಾಥನದು. ಮಂಜುನಾಥನ ಉಸ್ತುವಾರಿ ಅವನ ತಾಯಿ ಮುನಿಯಮ್ಮನವರದು.

ಗೀತಾಳಿಗೆ ತನ್ನದೇ ಅಂತ ಏನಾದರೂ ಮಾಡುವ ಆಸೆ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಶೆಡ್ ಕಟ್ಟಿಸಿ, ಲೈಸೆನ್ಸ್ ಮಾಡಿಸಿ, ಒಬ್ಬಟ್ಟು ಶುರುಮಾಡಿದಳು. ಬಿಸಿ ಒಬ್ಬಟ್ಟಲ್ಲ, ಫ್ರೋಜನ್ ಒಬ್ಬಟ್ಟು. "ಒಳ್ಳೇ ಒಬ್ಬಟ್ಟನ್ನ ಕಲ್ಲು ಮಾಡಿ ಮಾರ್ತಾಳಂತೆ" ಎಂದು ಮುನಿಯಮ್ಮ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ಆಮೇಲೆ ತಾವೇ ಕೂತು ಹೂರಣದ ಹದ ನೋಡಿದರು. ದುಬೈಯಲ್ಲಿ ಅಂಗಡಿ ಇಟ್ಟಿರುವ ಕನ್ನಡದವರೊಬ್ಬರು ದೀಪಾವಳಿಗೆಂದು ಆರ್ಡರ್ ಕೊಟ್ಟರು. ಅದೇ ಮೊದಲ ಆರ್ಡರ್. ಇದು ಸರಿಹೋದರೆ ಮುಂದಿನ ಹಬ್ಬಗಳೂ ಅವಳವೇ. ಇಲ್ಲದಿದ್ದರೆ ಶೆಡ್ಡನ್ನೂ ಬಾಡಿಗೆಗೆ ಕೊಡಲು ಮಂಜುನಾಥ ತಯಾರಾಗಿ ನಿಂತಿದ್ದ.

ಆ ಮನೆಯ ನೆತ್ತಿಯ ಮೇಲೇ ವಿಮಾನ ಹಾರುತ್ತದೆ. ಆದರೆ ಒಬ್ಬಟ್ಟು ಅದನ್ನು ಹತ್ತುವುದು ಅಷ್ಟು ಸಲೀಸಲ್ಲ. ಫ್ರೀಜರಿನಿಂದ ಡ್ರೈ ಐಸ್ ಹಾಕಿದ ಥರ್ಮಾಕೋಲ್ ಡಬ್ಬಕ್ಕೆ, ಅಲ್ಲಿಂದ ತಂಪು ವ್ಯಾನಿಗೆ, ಏರ್‌ಪೋರ್ಟ್ ಕಾರ್ಗೋದ ಕೋಲ್ಡ್ ರೂಮಿಗೆ, ವಿಮಾನಕ್ಕೆ, ಮತ್ತೆ ಆ ಕಡೆಯ ಕೋಲ್ಡ್ ರೂಮಿಗೆ. ನಡುವೆ ಎಲ್ಲೂ ಕರಗಬಾರದು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ನೋಡಲು ಹಾಗೇ ಇರುತ್ತದೆ. ಒಳಗೇನಾಗಿದೆ ಅನ್ನುವುದು ತಿಂದವರಿಗೇ ಗೊತ್ತು. (ಅದೂ ಮಾರನೆಯ ದಿನ.)

ನಾವು ಅಡುಗೆಯನ್ನು ಪರೀಕ್ಷೆ ಮಾಡುವುದು ಹೇಗೆ? ಮೂಸಿ ನೋಡಿ. ಹಾಲಾಗಲಿ ಸಾರಾಗಲಿ, ಮೂಗು ಒಪ್ಪಿದರೆ ಆಯಿತು. ಕಲ್ಲಾದ ಒಬ್ಬಟ್ಟಿಗೆ ವಾಸನೆಯೇ ಇಲ್ಲವಲ್ಲ!

ಹಬ್ಬದ ಮಾರನೆಯ ದಿನ ವ್ಯಾನ್ ಬರುವುದಿತ್ತು. ಹಬ್ಬದ ಬೆಳಿಗ್ಗೆ ಗೀತಾ, ಮಂಜುನಾಥ ಇಬ್ಬರೂ ಕಾರಿಗೆ ಪೂಜೆ ಮಾಡಿಸಲು ದೇವಸ್ಥಾನಕ್ಕೆ ಹೊರಟರು. ಊಟಕ್ಕೆಂದು ಬಂದಿದ್ದ ನಾನು ಮುನಿಯಮ್ಮನವರ ಜೊತೆ ಉಳಿದೆ.

ಅವರು ಪೂಜೆ ಶುರುಮಾಡಿದರು. ಗ್ರೈಂಡರ್, ಮಿಕ್ಸಿ, ಹಳೇ ಕುಡುಗೋಲು, ಎಲ್ಲಕ್ಕೂ ಅರಿಶಿನ ಕುಂಕುಮ. ಆಮೇಲೆ ಶೆಡ್ಡಿನ ಎರಡು ಡೀಪ್ ಫ್ರೀಜರುಗಳ ಮುಂದೆ ನಿಂತು, ಸ್ವಿಚ್ಚು ಆರಿಸಿದರು.

"ವರ್ಷೆಲ್ಲ ಗುರ್ ಅಂತಿರ್ತದೆ. ಅಬ್ಬದ್ ದಿನನಾದ್ರೂ ಒಸಿ ಸುಧಾರಿಸ್ಕೊಳ್ಲಿ ಕಣಮ್ಮ" ಎಂದರು.

ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಆ ದಿನ ಯಾವ ಯಂತ್ರವೂ ಓಡಬಾರದು ತಾನೇ? ನಮ್ಮ ಮನೆಯಲ್ಲೂ ಮಿಕ್ಸಿಯ ಪ್ಲಗ್ ಕಿತ್ತೇ ಕುಂಕುಮ ಇಡುವುದು. ನಿಮ್ಮ ಮನೆಯಲ್ಲಿ?

ಅವರು ಫ್ರೀಜರುಗಳನ್ನು ಒರೆಸಿ, ಸೇವಂತಿಗೆ ಹಾರ ಹಾಕಿದರು. ಮುಚ್ಚಳ ತೆರೆದು ಪ್ಯಾಕೆಟ್ಟುಗಳ ಮೇಲೆ ಒಂದೊಂದು ಹೂವಿಟ್ಟರು. ಸಾಂಬ್ರಾಣಿ ಹೊಗೆ ಒಳಗೂ ಆಡಲಿ ಎಂದು ಮುಚ್ಚಳ ತೆರೆದೇ ಬಿಟ್ಟರು. ಇಬ್ಬರೂ ಜಗಲಿಯಲ್ಲಿ ಕೂತು ಕಡ್ಲೆಪುರಿ ತಿಂದೆವು.

ದೇವಸ್ಥಾನದ ಮುಂದೆ ಗಾಡಿಗಳ ಸಾಲು ದೊಡ್ಡದಿತ್ತಂತೆ. ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಮುನಿಯಮ್ಮ ಎದ್ದು ಹೋಗಿ ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿ ಬಂದರು.

ಹಾರ ನೋಡಿ ಗೀತಾ ನಕ್ಕಳು. ಮುಚ್ಚಳ ಎತ್ತಿ ಒಳಗಿನ ಹೂವು ನೋಡಿದಳು. ನಗು ನಿಂತಿತು. ಮೇಲಿನ ಪ್ಯಾಕೆಟ್ಟೊಂದನ್ನು ತೆಗೆದು ಮೂಲೆ ಒತ್ತಿದಳು. ಟೈಲ್ಸಿನ ಹಾಗೆ ಟಕ್ ಅನ್ನಬೇಕಾದ ಪ್ಯಾಕೆಟ್ಟು ಸುಮ್ಮನೆ ಬಾಗಿತು.

"ಅತ್ತೆ, ಇದನ್ನ ಆಫ್ ಮಾಡಿದ್ರಾ?"

"ಒಂದ್ ಗಳಿಗೆ ಕಣವ್ವ. ಮಂಗಳಾರತಿ ಒತ್ನಲ್ಲಿ."

"ಈಗ ಆನ್ ಇದೆಯಲ್ಲ, ಬಿಡೇ" ಎಂದ ಮಂಜುನಾಥ. "ನಾಳೆ ವ್ಯಾನ್ ಬರೋಷ್ಟರಲ್ಲಿ ಮತ್ತೆ ಕಲ್ಲಾಗಿರುತ್ತೆ. ಯಾರು ನೋಡ್ದೋರು?"

ಗೀತಾ ನನ್ನ ಕಡೆ ತಿರುಗಿದಳು. "ಅಕ್ಕಾ, ನೀವಿದ್ರಲ್ಲ. ಎಷ್ಟೊತ್ತು?"

ಮುನಿಯಮ್ಮ ನನ್ನನ್ನೇ ನೋಡುತ್ತಿದ್ದರು. ಮಂಜುನಾಥ ಗೀತಾಳ ಬೆನ್ನ ಹಿಂದಿನಿಂದ ಎರಡು ಬೆರಳು ಹತ್ತಿರ ತಂದು, 'ಇಷ್ಟೇ ಅನ್ನಿ' ಎಂದು ಸನ್ನೆ ಮಾಡಿದ. ಹಬ್ಬದ ದಿನ, ಅವರದೇ ಮನೆಯಲ್ಲಿ, ಪುರಿ ಕೊಟ್ಟ ಹೆಂಗಸನ್ನು ಸೊಸೆಯೆದುರು ಸುಳ್ಳಿ ಮಾಡುವುದೇ? ಸುಮ್ಮನಿದ್ದರೆ? ಗುರುತಿಲ್ಲದ ಯಾವುದೋ ಮನೆಯ ಮಗು ದೀಪಾವಳಿ ದಿನ ಇದನ್ನೇ ತಿನ್ನುತ್ತದೆ.

ಕಂಡದ್ದನ್ನಷ್ಟೇ ಹೇಳಿದೆ. "ನೀವು ಕಾರು ಆಚೆ ತೆಗೆದ ಸ್ವಲ್ಪ ಹೊತ್ತಿಗೇ ಆಫ್ ಆಯ್ತು. ವಾಪಸ್ ಬಂದು ಹಾರ್ನ್ ಹೊಡೆದಾಗ ಆನ್ ಆಯ್ತು. ಅಲ್ಲಿವರೆಗೂ ಮುಚ್ಚಳ ತೆರೆದೇ ಇತ್ತು."

ಹೊರಗೆ ಯಾರೋ ಗಾಡಿಗೆ ಬೂದುಗುಂಬಳಕಾಯಿ ಒಡೆದರು. ನಾನು ಬೆಚ್ಚಿಬಿದ್ದೆ.

ಮುನಿಯಮ್ಮ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅವರು ಸೊಸೆಯನ್ನು ಕೇಳಿದರು: "ಅಲ್ಲಿ ತಿನ್ನೋರು ಯಾರವ್ವ? ನಮ್ ಪೈಕಿಯೋರಾ?"

"ಗೊತ್ತಿಲ್ಲ ಅತ್ತೆ. ಯಾರಾದ್ರೂ ಇರಬಹುದು."

"ಅಂಗಾದ್ರೆ ಬ್ಯಾಡ. ನಮ್ಮೋರಾದ್ರೆ ಒಟ್ಟೆ ಕೆಟ್ರೆ ಮನೆ ಬಾಗ್ಲಿಗ್ ಬಂದು ಉಗೀತಾರೆ. ಅವ್ರೆಲ್ಲಿಗ್ ಬರ್ತಾರೆ?"

ಮಂಜುನಾಥ ಏನೋ ಹೇಳಲು ಹೋದ. "ನೀನ್ ಸುಮ್ಕಿರ್ಲಾ" ಎಂದರು.

ಗೀತಾ ಅಲ್ಲಿಂದಲೇ ದುಬೈಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು. ಅತ್ತೆಯ ಹೆಸರು ಎತ್ತಲಿಲ್ಲ. ಪೂಜೆಗೆಂದು ಫ್ರೀಜರ್ ಆರಿಸಿದ್ದೆವು, ಮಾಲು ಕರಗಿದೆ, ಇದನ್ನು ಕಳಿಸಲಾರೆ ಎಂದಳು.

ಆ ಕಡೆಯಿಂದ ನಗು. "ಪೂಜೆಗೆ ಫ್ರೀಜರ್ ಆಫಾ? ಏನ್ ಮೇಡಂ, ಕಥೆ ಹೇಳ್ತೀರಾ? ನಿಜ ಹೇಳಿ, ಬೇರೆ ಯಾರೋ ಜಾಸ್ತಿ ರೇಟ್ ಕೊಟ್ರು ತಾನೇ? ಬಿಡಿ, ನಾನೂ ಬೇರೆಯವರನ್ನ ನೋಡ್ಕೋತೀನಿ."

ಗೀತಾಳ ಕಣ್ಣು ತುಂಬಿತು. ಸುಳ್ಳು ಹೇಳಿದ್ದರೆ ಮಾಲು ವಿಮಾನ ಹತ್ತುತ್ತಿತ್ತು. ನಿಜ ಹೇಳಿದ್ದಕ್ಕೆ ವ್ಯಾಪಾರವೇ ಹೋಗುತ್ತಿತ್ತು.

ಮುನಿಯಮ್ಮ ಫೋನ್ ಕಿತ್ತುಕೊಂಡರು.

"ಲೋ ಯಾವೂರೋನಪ್ಪ ನೀನು? ಆರಿಸಿದ್ದು ನಾನು ಕಣೋ! ನನ್ ಸೊಸೆ ಸುಳ್ ಏಳ್ತಾಳಾ? ನಿನ್ ಮಕ್ಳು ಮರಿ ಚೆನ್ನಾಗಿರ್ಲಿ ಅಂತ ಬ್ಯಾಡ ಅಂದ್ರೆ, ಕಥೆ ಅಂತೀಯಾ? ನಿಮ್ಮವ್ವ ಇಂಗೇ ಮಾತಾಡೋದ್ ಕಲಿಸಿದ್ಲಾ?"

ಇನ್ನೂ ಇತ್ತು. ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಮುಗಿದ ಮೇಲೆ ಆ ಕಡೆಯಿಂದ ಮೆಲ್ಲಗೆ, "ಅಮ್ಮಾ, ತಪ್ಪಾಯ್ತು. ನಂದು ದೊಡ್ಡಬಳ್ಳಾಪುರ. ಸೊಸೆಗೆ ಫೋನ್ ಕೊಡಿ. ಹೊಸದಾಗಿ ಮಾಡಿ ಯಾವಾಗ ಕಳಿಸ್ತಾರೆ ಕೇಳ್ಬೇಕು."

ಅಂದು ಹುಣಸಮಾರನಹಳ್ಳಿಯ ಆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಒಬ್ಬಟ್ಟು. ಕರಗಿದ್ದನ್ನು ಮತ್ತೆ ಗಟ್ಟಿಯಾಗಲು ಬಿಡದೆ ಆಗಲೇ ಕಾಯಿಸಿ ತಿಂದೆವು, ಚೆನ್ನಾಗಿತ್ತು. ಮುನಿಯಮ್ಮ ಹೊಸ ಹೂರಣಕ್ಕೆ ಬೇಳೆ ಬೇಯಲು ಇಟ್ಟರು. (ಯಂತ್ರಗಳಿಗೆ ರಜೆ. ಒಲೆಗೆ ಇಲ್ಲ.)

ಪ್ಯಾಕೆಟ್ಟಿನ ಮೇಲೆ ಗೀತಾ ಎಲ್ಲವನ್ನೂ ಅಚ್ಚು ಹಾಕಿಸಿದ್ದಾಳೆ: ತೂಕ, ದಿನಾಂಕ, ಲೈಸೆನ್ಸ್ ನಂಬರು, ಎಷ್ಟು ತಣ್ಣಗಿಡಬೇಕು ಅನ್ನುವುದು ಕೂಡ. ದುಬೈಯವರು ನಂಬಿದ್ದು ಮಾತ್ರ ಬೈಗುಳವನ್ನು. ಅದನ್ನು ಯಾವ ಲೇಬಲ್ಲಿನ ಮೇಲೆ ಅಚ್ಚು ಹಾಕಿಸುವುದು?