ಡ್ರ್ಯಾಗನ್ ಹಿಡಿಯ ಬೆಳ್ಳಿ ಮಗ್

ಅಕ್ಕನ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪು. ಕೆನ್ನೆಗೆ ಅರಿಶಿನ, ಉಂಗುರದ ಬೆರಳಿಗೆ ಕುಂಕುಮ, ಹೆಬ್ಬೆರಳಿಗೆ ಮಾತ್ರ ಬೆಳ್ಳಿ ಉಜ್ಜಿದ ಮಸಿ. ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ಯಜಮಾನರು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು, ಇಬ್ಬರೂ ಮೈಸೂರಿನವರು. ನಾವು ಈ ಊರಿಗೆ ಬಂದಿಳಿದ ಹೊಸದರಲ್ಲಿ ಒಂದು ಡಬ್ಬಿ ಹುಳಿ ತಂದುಕೊಟ್ಟು, "ಆಂಟಿ ಗೀಂಟಿ ಅಂದ್ರೆ ಡಬ್ಬಿ ವಾಪಸ್ ತಗೊಂಡ್ಹೋಗ್ತೀನಿ" ಎಂದಿದ್ದರು. ಅಂದಿನಿಂದ ಅವರು ನನಗೆ ಅಕ್ಕ.

ಆ ಮಸಿ ಒಂದೇ ಒಂದು ಮಗ್‌ನದು. ಕಾರೆನ್ ಬಡಾವಣೆ ಕಡೆಯ ಹಳೆಯ ಬಂಗಲೆಯೊಂದರ ಬಿಳಿಯ ಅಜ್ಜಿ ದೇಶ ಬಿಟ್ಟು ಹೋಗುವಾಗ ಸಾಮಾನೆಲ್ಲ ಹುಲ್ಲಿನ ಮೇಲೆ ಹರಡಿ ಮಾರುತ್ತಿದ್ದರಂತೆ. ಎಲ್ಲರೂ ಸೋಫಾ, ಫ್ರಿಜ್ಜು ನೋಡುತ್ತಿದ್ದರೆ ನಮ್ಮ ಅಕ್ಕ ಅದನ್ನು ಎತ್ತಿಕೊಂಡು ಬಂದರು. ಯಾವುದೋ ಕಾಲದಲ್ಲಿ ಚೀನಾದವರು ಪರದೇಶದ ಸಾಹೇಬರಿಗೆಂದು ಮಾಡಿದ ಬೆಳ್ಳಿ ಮಗ್ ಅದು. ಹಿಡಿಯೇ ಒಂದು ಡ್ರ್ಯಾಗನ್. ಮೈತುಂಬ ಬಿದಿರು ಮೆಳೆ, ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಪುಟ್ಟ ಮನುಷ್ಯರು. ಪೂಜೆ ಸಾಮಾನನ್ನು ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುತ್ತಿದ್ದ ಅಕ್ಕ ಇದನ್ನು ಮಾತ್ರ ಮೆತ್ತನೆಯ ಬಟ್ಟೆಯಲ್ಲಿ, ಹೆಬ್ಬೆರಳಿನಲ್ಲಿ ಸವರುತ್ತಿದ್ದರು. ಸಂದಿಯ ಕಪ್ಪು ಹಾಗೇ ಉಳಿಯಬೇಕು, ಅದು ಹೋದರೆ ಮುಖಗಳು ಕಾಣುವುದಿಲ್ಲ ಎಂದು ಅವರ ವಾದ.

"ಹಿಂದ್ಗಡೆಯಿಂದ ಬಡಿದು ಉಬ್ಬಿಸಿ, ಒಳಗೆ ರಾಳ ತುಂಬಿ, ಆಮೇಲೆ ಮುಂದ್ಗಡೆಯಿಂದ ಉಳೀಲಿ ತಿದ್ದಿದಾನೆ ಕಣೆ. ಈಗ ಒಳಗೆ ಕೈ ಹಾಕಿ ನೋಡು, ಹೇಗೆ ನುಣ್ಣಗಿದೆ! ಇನ್ನೊಂದು ತಗಡು ಕೂರಿಸಿ ಏಟೆಲ್ಲ ಮುಚ್ಚಿಬಿಟ್ಟಿದಾನೆ ಮಹಾರಾಯ."

ತಳದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಚೀನೀ ಮುದ್ರೆ. ಇಂಗ್ಲಿಷಿನದು ಮಾರಿದವನದು, ಚೀನಿಯದು ಮಾಡಿದವನದು ಎಂದು ಅಕ್ಕ ಎಲ್ಲೋ ಓದಿದ್ದರು. ಮಾಡಿದವನ ಹೆಸರು ತಿಳಿಯದೆ ಅವರಿಗೆ ಸಮಾಧಾನವಿಲ್ಲ. ಒಮ್ಮೆ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಮುಂದೆ ನಿಂತಿದ್ದ ರಸ್ತೆ ಕಾಮಗಾರಿಯ ಚೀನೀ ಎಂಜಿನಿಯರ್ ಮುಖಕ್ಕೆ ಫೋನು ಹಿಡಿದು ಮುದ್ರೆಯ ಫೋಟೋ ತೋರಿಸಿಯೇಬಿಟ್ಟರು. ನಾನು ನಾಚಿಕೆಯಿಂದ ಬಿಸ್ಕತ್ತಿನ ಕಡೆ ತಿರುಗಿಕೊಂಡೆ. ಆತ ನಕ್ಕು ಓದಿ ಹೇಳಿದ. ಅಕ್ಕ ತಪ್ಪು ಹೇಳಿದರು, ಆತ ತಿದ್ದಿದ, ಮತ್ತೆ ತಪ್ಪು. ಕ್ಯಾಶಿಯರ್ ಹುಡುಗಿ "ಸವಾ, ಮಮಾ?" (ಆಯ್ತಾ ಅಮ್ಮಾ?) ಎನ್ನುವವರೆಗೂ ಪಾಠ ನಡೆಯಿತು. ಮನೆ ತಲುಪುವಷ್ಟರಲ್ಲಿ ಉಚ್ಚಾರ ಮರೆತುಹೋಗಿತ್ತು. ಆದರೂ ಇಡೀ ದಿನ ಮದುವೆಮನೆಯವರ ಹಾಗೆ ಓಡಾಡಿಕೊಂಡಿದ್ದರು.

ಯಜಮಾನರಿಗೆ ಇದೆಲ್ಲ ತಮಾಷೆ. "ಯಾವನೋ ಬಿಯರ್ ಕುಡಿದ ಎಂಜಲು ಲೋಟ. ದೇವರ ಮುಂದೆ ಇಡೋ ಹಾಗಿಲ್ಲ. ಕರಗಿಸಿದ್ರೆ ಮೈಲಿಗೆ ಹೋಗುತ್ತೆ, ಒಂದು ಜೊತೆ ದೀಪ ಆಗುತ್ತೆ" ಎನ್ನುತ್ತಿದ್ದರು. ನಮ್ಮಲ್ಲಿ ಹಳೆ ಬೆಳ್ಳಿ ಕೊಟ್ಟು ಹೊಸದು ಮಾಡಿಸುವುದು ಯಾರಿಗೂ ತಪ್ಪೆನಿಸುವುದಿಲ್ಲ. ಅಕ್ಕ ಮೊದಮೊದಲು ಜಗಳವಾಡಿದರು. "ಬೆಳ್ಳಿ ಎಲ್ಲೂ ಹೋಗಲ್ಲರೀ, ಮಾಡಿದವನ ಕೈಕೆಲಸ ಹೋಗುತ್ತೆ" ಎಂದರೆ ಅವರು ಮತ್ತೂ ನಗುತ್ತಿದ್ದರು. ಕೊನೆಗೆ ಅಕ್ಕ ಹೇಳುವುದನ್ನೇ ಬಿಟ್ಟು, ಮಗ್ ತಂದು ನಮ್ಮ ಮನೆಯ ಊಟದ ಮೇಜಿನ ಮೇಲಿಟ್ಟುಕೊಂಡು ಸವರತೊಡಗಿದರು.

ಕಾಯಿಲೆ ಗೊತ್ತಾದಾಗ ಬಹಳ ತಡವಾಗಿತ್ತು. ಕಡೆಕಡೆಗೆ ಮಗ್ ಎತ್ತುವಷ್ಟೂ ಶಕ್ತಿಯಿರಲಿಲ್ಲ. ಹೊದಿಕೆಯ ಮೇಲಿಟ್ಟರೆ ಸೇತುವೆಯ ಮೇಲೆ ಬೆರಳಾಡಿಸುತ್ತಿದ್ದರು.

"ನಾನು ಹೋದ್ಮೇಲೂ ಇದು ಹೀಗೇ ಇರ್ಲಿ ಕಣೆ" ಎಂದರು ಒಂದು ದಿನ.

"ಏನು ಮಾತು ಅಂತ ಆಡ್ತೀರ ಅಕ್ಕ? ಅವರಿಗೆ ಹೇಳಿಬಿಡಿ, ಅಷ್ಟೇ."

"ಹೇಳ್ತೀನಿ. ಪಾಪ, ಈಗಲೇ ಅಳ್ತಾ ಕೂತಿರ್ತಾರೆ. ಸ್ವಲ್ಪ ಸುಧಾರಿಸ್ಕೊಳ್ಲಿ."

ಯಾರಿಗೂ ಸುಧಾರಿಸಿಕೊಳ್ಳಲು ವೇಳೆ ಸಿಗಲಿಲ್ಲ. ಅಕ್ಕ ಹೊರಟೇಹೋದರು.

ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಯಜಮಾನರು ಬಂದ ಹೆಂಗಸರಿಗೆಲ್ಲ ಒಂದೊಂದು ಪುಟ್ಟ ಬೆಳ್ಳಿಯ ಕುಂಕುಮ ಭರಣಿ ಕೊಟ್ಟರು. ಹೊಸದು, ಥಳಥಳ ಹೊಳೆಯುತ್ತಿತ್ತು. ನನ್ನ ಸರದಿ ಬಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಮುತ್ತೈದೆಯಾಗಿ ಹೋದ್ಲು, ಅವಳ ಹೆಸರಲ್ಲಿ ಕೊಡ್ಬೇಕಲ್ಲಮ್ಮ. ಅಂಗಡಿ ಬೆಳ್ಳಿ ಕೊಡೋಕೆ ಮನಸ್ಸು ಬರ್ಲಿಲ್ಲ. ಅವಳು ಪ್ರಾಣ ಇಟ್ಕೊಂಡಿದ್ದ ಬೆಳ್ಳೀನೇ ನ್ಗಾರಾ ಪೇಟೆಯ ಅಕ್ಕಸಾಲಿಗೆ ಕೊಟ್ಟು ಮಾಡಿಸ್ದೆ. ನಿಮ್ಮೆಲ್ಲರ ಮನೇಲೂ ಅವಳು ಇರ್ಲಿ ಅಂತ."

"ಆ ಮಗ್‌ನಾ?" ಎಂದೆ.

ತಲೆಯಾಡಿಸಿದರು. ಕಣ್ಣು ತುಂಬಿಕೊಂಡಿತ್ತು. "ಅವಳಿಗೆ ಸಂತೋಷ ಆಗಿರುತ್ತೆ, ಅಲ್ವಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಮುಖ ನೋಡಿಕೊಂಡು ಏನು ಹೇಳಲಿ? ಹೆಂಡತಿಗೆ ಇಷ್ಟವಾಗಿದ್ದು ಯಾವುದೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕರಗಿಸಿದ್ದರು. "ಹೂಂ, ಆಗಿರುತ್ತೆ" ಎಂದೆ.

ಈಗಲೂ ಶುಕ್ರವಾರ ಲಿಫ್ಟಿನ ಹತ್ತಿರ ಸಿಕ್ಕರೆ, "ಭರಣಿ ಬಳಸ್ತಾ ಇದ್ದೀಯೇನಮ್ಮ?" ಎಂದು ಕೇಳುತ್ತಾರೆ. ನಾನು ಹಣೆಯ ಕುಂಕುಮ ತೋರಿಸುತ್ತೇನೆ.